ಲಾಮಂಚದ ನೀರು, ಆಡುಸೋಗೆಯ ಎಲೆ

ಕಾರ್ಕಳದ ನಮ್ಮ ಮನೆಯ ಹಿತ್ತಿಲಿನಲ್ಲಿ, ಬಾವಿಗೂ ದನದ ಹಟ್ಟಿಗೂ ನಡುವೆ, ಬಟ್ಟೆ ಒಣಗಿಸುವ ತೆಂಗಿನ ನಾರಿನ ಹಗ್ಗವೊಂದಿತ್ತು. ಉಡುಪಿಯಲ್ಲಿ ಕಾಲೇಜು ಓದುತ್ತಿದ್ದ ನಾನು ಆ ವರ್ಷ ಬೇಸಗೆಯ ರಜೆಗೆ ಬಂದಾಗ, ಪ್ರತಿ ಬೆಳಿಗ್ಗೆ ನಾವೆಲ್ಲ ಏಳುವ ಮೊದಲೇ ಅದರ ಮೇಲೆ ಅಮ್ಮನ ಸೀರೆಯೊಂದು ಹರವಿಕೊಂಡಿರುವುದನ್ನು ಕಂಡೆ. ಸ್ನಾನದ ಹೊತ್ತಿಗೆ ಒಗೆಯುವ ಸೀರೆ ಬೇರೆ, ಅದು ಆಮೇಲೆ ಬರುವಂಥದ್ದು. ಇದು ರಾತ್ರಿ ಉಟ್ಟು ಮಲಗಿದ ಸೀರೆ. ಗೋಡೆಗೆ ಒರಗಿಸಿಟ್ಟ ಅವಳ ಚಾಪೆಯ ನಡುಭಾಗ ಬೆನ್ನಿನಗಲಕ್ಕೆ ಕಪ್ಪಾಗಿ ನೆನೆದಿತ್ತು.

"ಎಂತಕ್ಕಮ್ಮ ಇಷ್ಟು ಬೇಗ ಒಗೆದದ್ದು?" ಎಂದು ಕೇಳಿದೆ.

"ಬೆವರು ಮಾರಾಯ್ತಿ. ಹಿಂಡಿದರೆ ಒಂದು ಚೊಂಬು ಉಂಟು. ಬಾವಿಯಲ್ಲಿ ನೀರು ಇಳಿದರೂ ನನ್ನಲ್ಲಿ ಇಳಿಯಲಿಲ್ಲ ನೋಡು" ಎಂದು ನಕ್ಕಳು.

ನಮ್ಮ ಮನೆಮಾತು ತುಳು. ಅಂದಿನ ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಂದು ಇಲ್ಲಿ ಬರೆಯುತ್ತಿದ್ದೇನೆ. ಹೇಳಬೇಕಾದ ಸಂಗತಿಯನ್ನು ಯಾವ ಭಾಷೆಯಲ್ಲೂ ನಮ್ಮ ಮನೆಯಲ್ಲಿ ಆಗ ಯಾರೂ ಹೇಳುತ್ತಿರಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಅದು ಅರವತ್ತರ ದಶಕದ ಮೊದಲ ವರ್ಷಗಳು. ಮನೆಯಲ್ಲಿದ್ದವರು ಮೂವರು: ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದ ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ಅಮ್ಮ. ಅಕ್ಕನನ್ನು ಕಾಪುವಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳೀಗ ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆನ್ನುವುದು ನಮ್ಮಲ್ಲಿ ಬರೀ ರೂಢಿಯಲ್ಲ, ತಾಯಿಯಾದವಳ ಏಕೈಕ ಅಧಿಕಾರ. ಮಗಳ ಮದುವೆಯ ಮಾತುಕತೆಯಲ್ಲಿ ಅವಳನ್ನು ಕೇಳುವವರಿಲ್ಲ, ಮನೆ ಮಾರುವಾಗ ಕೇಳುವವರಿಲ್ಲ. ಬಾಣಂತಿ ಕೋಣೆಯ ಹೊಸ್ತಿಲೊಳಗೆ ಮಾತ್ರ ಅವಳ ಮಾತು ನಡೆಯುತ್ತದೆ. ಅಮ್ಮ ಆಗಲೇ ಹಳೆಯ ಹತ್ತಿ ಸೀರೆಗಳನ್ನು ಮಗುವಿಗೆಂದು ಹರಿದು, ಒಗೆದು, ಮಡಚಿಟ್ಟಿದ್ದಳು. ಸೀಮಂತ ಮುಗಿದ ಕೂಡಲೇ ಅಕ್ಕನನ್ನು ಕರೆತರುವುದೆಂದು ನಿಶ್ಚಯವಾಗಿತ್ತು.

ಬೆವರಿನ ವಿಷಯ ಅಜ್ಜಿಗೆ ಗೊತ್ತಿತ್ತು. "ಉಷ್ಣ" ಎಂಬ ಒಂದೇ ಶಬ್ದದಲ್ಲಿ ಅವರು ಅದನ್ನು ತೀರ್ಮಾನಿಸಿದ್ದರು. ಆದ್ದರಿಂದ ಮನೆಯಲ್ಲಿ ತಂಪಿನ ಚಿಕಿತ್ಸೆ ನಡೆದಿತ್ತು. ಕೊತ್ತಂಬರಿ ಜೀರಿಗೆ ನೆನೆಸಿದ ನೀರು ಬೆಳಿಗ್ಗೆ ಬರಿಹೊಟ್ಟೆಗೆ, ಮಧ್ಯಾಹ್ನ ಒಂದೆಲಗದ ತಂಬುಳಿ, ಸಂಜೆ ಸೊಗದೆ ಬೇರಿನ ಕಷಾಯಕ್ಕೆ ಹಾಲು ಬೆಲ್ಲ. ಕುಡಿಯುವ ನೀರಿನ ಮಣ್ಣಿನ ಹೂಜಿಯೊಳಗೆ ಲಾಮಂಚದ ಬೇರಿನ ಕಟ್ಟು. ಲಾಮಂಚದ ನೀರು ಕುಡಿದಾಗ ಗಂಟಲಿನಿಂದ ಎದೆಯವರೆಗೆ ಮಣ್ಣಿನ ವಾಸನೆಯೊಂದು ತಣ್ಣಗೆ ಇಳಿಯುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಅದೇ ಬೇರನ್ನು ನೆನೆಸಿ ಒದ್ದೆ ಮಾಡಿ ದಿಂಬಿನ ಬದಿಗೆ ಇಟ್ಟುಕೊಂಡರೆ ಸ್ವಲ್ಪ ಹೊತ್ತು ನಿದ್ದೆಯೂ ಬರುತ್ತಿತ್ತಂತೆ. ಪುನರ್ಪುಳಿಯ ಸಾರು ಹಿತವಾಗಿತ್ತು. ಮೆಂತೆ ನೆನೆಸಿ ಅರೆದು ಕುಡಿಸಿದ್ದರಿಂದ ಹೊಟ್ಟೆ ಉಬ್ಬರಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಇವುಗಳಲ್ಲಿ ಯಾವುದೂ ಬೆವರನ್ನು ನಿಲ್ಲಿಸಲಿಲ್ಲ. ಕೆಲವು ಬೆವರನ್ನು ಸಹಿಸಲು ನೆರವಾದವು. ಗಿಡಮೂಲಿಕೆಗಳನ್ನು ಹೀಗಳೆಯುವವಳಲ್ಲ ನಾನು, ಹೊಗಳುವವಳೂ ಅಲ್ಲ. ಅವು ಮಾಡಿದಷ್ಟನ್ನು ಮಾಡಿದವು ಎಂದು ಬರೆಯುವುದು ನ್ಯಾಯ.

ಆ ಬೇರನ್ನು ಗುಡ್ಡದ ಬದಿಯಿಂದ ಅಗೆದು ತರುತ್ತಿದ್ದ ಹೆಂಗಸು ನಮ್ಮ ಅಂಗಳದಾಚೆ, ಬೇಲಿಬಾಗಿಲಾದ ದಣಪೆಯ ಬಳಿ ನಿಲ್ಲಬೇಕಿತ್ತು. ಕಟ್ಟನ್ನು ಅವಳು ನೆಲದ ಮೇಲಿಟ್ಟು ಹಿಂದೆ ಸರಿದ ಮೇಲೆ ಅಜ್ಜಿ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಅವಳು ಕೈಯಾರೆ ಅಗೆದ ಬೇರಿನ ನೀರು ನಮ್ಮ ಗಂಟಲಿಗೆ ಇಳಿಯಬಹುದು, ಅವಳ ನೆರಳು ಜಗಲಿಗೆ ಬೀಳಬಾರದು. ಈ ಅನ್ಯಾಯ ಆಗ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇತ್ತು. ಎಲ್ಲರ ಮನೆಯಲ್ಲೂ ಇತ್ತೆಂಬುದರಿಂದ ಅದು ಹಗುರವಾಗುವುದಿಲ್ಲ.

ಬೇಸಗೆ ಏರಿದಂತೆ ಅಮ್ಮ ಇಳಿಯುತ್ತ ಬಂದಳು. ಕೊರಳ ಎಲುಬು ಕಾಣಿಸತೊಡಗಿತು. ಹಸಿ ಕಟ್ಟಿಗೆಯ ಹೊಗೆಗೆ ಮೊದಲಿನಿಂದ ಇದ್ದ ಕೆಮ್ಮು ಸ್ವಲ್ಪ ಜಾಸ್ತಿಯಾಯಿತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡು, ರಾತ್ರಿಯಿಡೀ ನಿದ್ದೆಗೆಟ್ಟು, ಮತ್ತೆ ಒಲೆಯ ಮುಂದೆ ಕೂರುವವಳು ಸೊರಗದೆ ಇನ್ನೇನಾಗಬೇಕು? ಆದರೆ ಕಾರಣವನ್ನು ಯಾರೂ ಆ ದಿಕ್ಕಿನಲ್ಲಿ ಹುಡುಕಲಿಲ್ಲ. ಅಪ್ಪ ಪಂಡಿತರಿಗೆ ಹೇಳಿ ಕಳುಹಿಸಿದರು. ಪಂಡಿತರೆಂದರೆ ನಮ್ಮಲ್ಲಿ ನಾಡಿ ನೋಡಿ ಮದ್ದು ಕೊಡುವ ವೈದ್ಯರು.

ಅವರು ರೋಗಿಯನ್ನು ನೋಡುವ ಕ್ರಮವನ್ನು ವಿವರಿಸಬೇಕು. ಪಂಡಿತರು ಜಗಲಿಯಲ್ಲಿ ಚಾಪೆಯ ಮೇಲೆ ಕೂತರು. ಅಮ್ಮ ಬಾಗಿಲಿನ ಹಿಂದೆ ನಿಂತು ಮುಂಗೈಯನ್ನು ಮಾತ್ರ ಹೊರಗೆ ಚಾಚಿದಳು. ಅವರು ಕಣ್ಣುಮುಚ್ಚಿ ನಾಡಿ ಹಿಡಿದರು. ಪ್ರಶ್ನೆಗಳನ್ನು ಅವರು ಅಜ್ಜಿಗೆ ಕೇಳಿದರು. ಉತ್ತರಗಳನ್ನು ಅಜ್ಜಿ ಕೊಟ್ಟರು. ಮನೆಯ ಹಿರಿಯ ಹೆಂಗಸು ಇರುವಾಗ ಸೊಸೆ ಪರಪುರುಷನೊಡನೆ ತನ್ನ ಮೈಯ ವಿಷಯ ಮಾತಾಡುವುದು ಮರ್ಯಾದೆಯಲ್ಲ.

"ನಿದ್ದೆ ಉಂಟೋ?"

"ಇಲ್ಲ ಅಂತ ಹೇಳ್ತಾಳೆ."

"ಊಟ?"

"ಮಾಡ್ತಾಳೆ. ಮಾಡಿದ್ದು ಮೈಗೆ ಹತ್ತುವುದಿಲ್ಲ. ಕೆಮ್ಮೂ ಉಂಟು."

ಪಂಡಿತರು ಸ್ವಲ್ಪ ದನಿ ತಗ್ಗಿಸಿದರು. "ತಿಂಗಳ ಕ್ರಮ ಸರಿ ಉಂಟೋ? ಈ ಪ್ರಾಯದಲ್ಲಿ ನಿಲ್ಲುವಾಗ ಹೀಗೆ ಬೆವರುವುದುಂಟು."

"ಅದೆಲ್ಲ ಸರಿ ಉಂಟು ಪಂಡಿತರೇ. ತಿಂಗಳು ತಿಂಗಳು ಹೊರಗೆ ಕೂರ್ತಾಳೆ, ಪಂಚಾಂಗ ನೋಡಿದ ಹಾಗೆ. ಆ ಮೂರು ದಿನ ಒಲೆ ಊದುವುದು ನಾನೇ ಅಲ್ವಾ, ನನಗೆ ಗೊತ್ತಿಲ್ಲವೋ?"

ಬಾಗಿಲಿನ ಹಿಂದಿನ ಕೈ ಅಲುಗಲಿಲ್ಲ. ಪಂಡಿತರು "ಹಾಗೋ" ಎಂದು ಇನ್ನೊಮ್ಮೆ ನಾಡಿ ಹಿಡಿದರು.

ಮರುದಿನ ಅವರು ಕಳುಹಿಸಿದ ಮದ್ದಿನಲ್ಲಿ ತಂಪಿನದು ಒಂದೂ ಇರಲಿಲ್ಲ. ಬಾಳೆಲೆಯ ಕಟ್ಟಿನಲ್ಲಿ ಆಡುಸೋಗೆಯ ಎಲೆಗಳಿದ್ದವು. ರಸ ಹಿಂಡಿ ಜೇನಿನಲ್ಲಿ ಕೊಡಬೇಕು, ಮೇಲಿನಿಂದ ಆಡಿನ ಹಾಲು. ಕೆಮ್ಮಿಗೆ ಆಡುಸೋಗೆಯನ್ನು ಯಾರು ಬೇಕಾದರೂ ಕುಡಿಯುತ್ತಾರೆ. ಆದರೆ ಸೊರಗಿದ, ರಾತ್ರಿ ಬೆವರುವ, ಕೆಮ್ಮುವ ಒಬ್ಬಳಿಗೆ ಪಂಡಿತರು ಆಡಿನ ಹಾಲಿನ ಜೊತೆ ಅದನ್ನು ಕಳುಹಿಸಿದರೆಂದರೆ ಅದರ ಅರ್ಥ ನಮ್ಮ ಊರಿನಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಕ್ಷಯ ಎಂಬ ಶಬ್ದವನ್ನು ಯಾರೂ ಉಚ್ಚರಿಸಲಿಲ್ಲ. ಅಜ್ಜಿ ಕಟ್ಟನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದರು. ಸಂಜೆಯ ಹೊತ್ತಿಗೆ ಅಮ್ಮನ ತಟ್ಟೆ, ಲೋಟ, ಚಾಪೆ ಹಟ್ಟಿಯ ಬದಿಯ ಕೋಣೆಗೆ ಹೋದವು. ಅಡುಗೆಮನೆಯ ಬಾಗಿಲು ಅವಳಿಗೆ ಮುಚ್ಚಿತು.

ಆ ಕೋಣೆ ಯಾವುದೆಂದರೆ, ತಿಂಗಳಿಗೆ ಮೂರು ದಿನ ಮನೆಯ ಹೆಂಗಸರು ಹೊರಗೆ ಕೂರುವ ಕೋಣೆ. ಆ ದಿನಗಳಲ್ಲಿ ಯಾರನ್ನೂ ಮುಟ್ಟದೆ, ಒಲೆಯ ಬಳಿ ಸುಳಿಯದೆ, ಬೇರೆಯವರು ದೂರದಿಂದ ಬಡಿಸಿದ್ದನ್ನು ಉಂಡು ಅಲ್ಲೇ ಇರಬೇಕು. ಪ್ರಕೃತಿಯ ಕ್ರಿಯೆಯೊಂದನ್ನು ಮೈಲಿಗೆಯೆಂದು ಕರೆದು, ಆರೋಗ್ಯವಂತ ಹೆಂಗಸನ್ನು ದನದ ಹಟ್ಟಿಯ ಪಕ್ಕ ಕೂಡಿಸುವ ಆ ಪದ್ಧತಿಯ ವಿರುದ್ಧ ಮುಂದೆ ನಾನು ಅನೇಕ ಸಭೆಗಳಲ್ಲಿ ಮಾತಾಡಿದ್ದೇನೆ. ಆಗಲೂ ಅದನ್ನು ದ್ವೇಷಿಸುತ್ತಿದ್ದೆ.

ನಾನು ಆ ಕೋಣೆಯ ಹೊಸ್ತಿಲಲ್ಲಿ ಕೂತು ಅವಳೊಡನೆ ಮಾತಾಡುತ್ತಿದ್ದೆ. ಹತ್ತಿರ ಹೋಗಬೇಡವೆಂದು ಅಜ್ಜಿ ಕೂಗುತ್ತಿದ್ದರು, ನಾನು ಕೇಳುತ್ತಿರಲಿಲ್ಲ. ಕೋಣೆಗೆ ಗದ್ದೆಯ ಕಡೆಗೆ ತೆರೆಯುವ ಮರದ ಸರಳಿನ ಕಿಟಕಿಯೊಂದಿತ್ತು. ಅದರಿಂದ ಗಾಳಿ ಬರುತ್ತಿತ್ತು. ಅಮ್ಮನ ಮುಖ ಆಶ್ಚರ್ಯವಾಗುವಷ್ಟು ತಿಳಿಯಾಗಿತ್ತು.

"ಅಮ್ಮಾ, ಮಣಿಪಾಲಕ್ಕೆ ಹೋಗಿ ಎದೆಯ ಎಕ್ಸ್‌ರೇ ತೆಗೆಸುವ. ಅದು ಕ್ಷಯವಾದರೂ ಈಗ ಇಂಜೆಕ್ಷನ್ ಉಂಟು, ಮಾತ್ರೆ ಉಂಟು. ಗುಣವಾಗ್ತದೆ."

"ಕ್ಷಯ ಅಲ್ಲ ಮಗಳೇ ಇದು."

"ನಿಂಗೆ ಹೇಗೆ ಗೊತ್ತು?"

ಅವಳು ಹಟ್ಟಿಯ ಕಡೆ ಒಮ್ಮೆ ನೋಡಿದಳು. "ನನಗೆ ನಿಂತು ಎಷ್ಟೋ ಕಾಲ ಆಯ್ತು. ನಿನ್ನ ಅಕ್ಕನ ಮದುವೆಯಾದ ಮಳೆಗಾಲದಲ್ಲೇ."

"ಮತ್ತೆ ತಿಂಗಳು ತಿಂಗಳು ಹೊರಗೆ ಕೂತದ್ದು?"

"ಕೂತೆ" ಎಂದಳು. ಸ್ವಲ್ಪ ತಡೆದು, "ಸುಮ್ಮನೆ ಕೂತೆ" ಎಂದಳು.

ಮತ್ತೆ ಅವಳೇ ಹೇಳಿದಳು, ಬಚ್ಚಲಿನ ಕಲ್ಲನ್ನು ಉಜ್ಜುವಾಗಿನ ನಿಧಾನದಲ್ಲಿ. ಮನೆಯೊಳಗಿನ ಕೋಣೆಯಲ್ಲಿ ಅಪ್ಪನಿಗೆ ಗಾಳಿಯಾಗದೆಂದು ಕಿಟಕಿ ಮುಚ್ಚುತ್ತಾರೆ. ಬೆವರಿ ಎದ್ದರೆ ಬಾಗಿಲು ಸದ್ದಾಗುತ್ತದೆ, ಸೀರೆ ಬದಲಿಸಿದರೆ ಬಳೆ ಸದ್ದಾಗುತ್ತದೆ. ಆದ್ದರಿಂದ ಒದ್ದೆಯಲ್ಲೇ ಬಿದ್ದುಕೊಂಡು ಬೆಳಗನ್ನು ಕಾಯುವುದು. ಹೊರಗಿನ ಕೋಣೆಯಲ್ಲಾದರೆ ಕಿಟಕಿ ತೆರೆದಿರುತ್ತದೆ, ನೆನೆಸಿದ ಬಟ್ಟೆಯನ್ನು ಎದೆಯ ಮೇಲೆ ಹಾಕಿಕೊಂಡು ಮಲಗಬಹುದು. ಬೆಳಿಗ್ಗೆ ಯಾರೂ ಕರೆಯುವುದಿಲ್ಲ. ಒಲೆಯ ಉರಿ ಮುಖಕ್ಕೆ ಹೊಡೆಯುವುದಿಲ್ಲ. ಬಡಿಸಿದ್ದನ್ನು ಬಿಸಿಯಿರುವಾಗಲೇ ಉಣ್ಣಬಹುದು. ಮದುವೆಯಾಗಿ ಬಂದ ಮೇಲೆ ಅವಳಿಗೆ ಸಿಕ್ಕಿದ ವಿಶ್ರಾಂತಿಯೆಂದರೆ ಆ ಮೂರು ದಿನಗಳೊಂದೇ. ಬಸುರು ಬಾಣಂತನ ಬಿಟ್ಟರೆ ಬೇರೆ ಇಲ್ಲ. ಅದು ನಿಂತುಹೋಗುವುದೆಂದಾಗ ಅವಳು ನಿಲ್ಲಗೊಡಲಿಲ್ಲ.

"ದೇವರಿಗೆ ಗೊತ್ತಾಗಲಿಕ್ಕಿಲ್ಲ ಅಂತಲ್ಲ" ಎಂದಳು. "ಆದರೆ ನಾನು ಮುಟ್ಟಬಾರದ್ದನ್ನು ಮುಟ್ಟಲಿಲ್ಲವಲ್ಲ. ಮುಟ್ಟಬಹುದಾದ್ದನ್ನು ಮುಟ್ಟದೆ ಇದ್ದದ್ದು. ಅದರಲ್ಲಿ ದೋಷ ಎಂತ?"

ವಾದ ಬಲವಾಗಿತ್ತು. ನಾನು ಕೇಡೆಂದು ತಿಳಿದಿದ್ದ ಪದ್ಧತಿಯಲ್ಲಿ ಅವಳು ತನಗೊಂದು ಕಿಟಕಿಯನ್ನು ಕಂಡುಕೊಂಡಿದ್ದಳು. ಪದ್ಧತಿ ಅದರಿಂದ ಒಳ್ಳೆಯದಾಗಲಿಲ್ಲ. ಒಬ್ಬ ಹೆಂಗಸಿಗೆ ದಣಿವಾಗಿದೆ, ಇಂದು ಏಳಲಾರೆ ಎಂದು ಬಾಯಿಬಿಟ್ಟು ಹೇಳಲು ಅವಕಾಶವಿಲ್ಲದ ಮನೆಯಲ್ಲಿ ಮಾತ್ರ ಮೈಲಿಗೆಯೊಂದು ವರವಾಗುತ್ತದೆ.

"ಈಗಲೇ ಹೋಗಿ ಅಪ್ಪನಿಗೆ ಹೇಳು" ಎಂದೆ.

"ಹೇಳಿದರೆ ಆ ಮೂರು ದಿನವೂ ಹೋಯ್ತು. ನಿನ್ನ ಅಜ್ಜಿ ನನ್ನನ್ನು ಬಿಡ್ತಾರೋ? ಇರಲಿ, ಪಂಡಿತರ ಎಲೆ ಕುಡೀತೇನೆ. ಸ್ವಲ್ಪ ದಿನದಲ್ಲಿ ಗುಣವಾಯ್ತು ಅಂತ ಅವರೇ ಹೇಳ್ತಾರೆ. ಅಕ್ಕ ಬರುವುದರೊಳಗೆ ಒಳಗೆ ಬಂದರೆ ಸಾಕು."

ತನ್ನ ಗುಟ್ಟನ್ನು ಉಳಿಸಿಕೊಂಡೇ ಮಗಳ ಬಾಣಂತನಕ್ಕೆ ಒಳಗೆ ಹೋಗಬಹುದೆಂದು ಅವಳು ನಂಬಿದ್ದಳು. ನಾನು ಬೇರೆ ದಾರಿ ಹಿಡಿದು, ಅಪ್ಪನ ಬಳಿ ಎಕ್ಸ್‌ರೇಯ ಮಾತೆತ್ತಿದೆ. ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಅಮ್ಮ ಯಾವುದನ್ನೂ ಒಪ್ಪಿಕೊಳ್ಳದೆಯೇ ಬಿಡುಗಡೆಯಾಗುತ್ತಾಳೆ ಎಂಬುದು ನನ್ನ ಲೆಕ್ಕಾಚಾರ.

ಅಪ್ಪ ನಿಷ್ಠುರರಲ್ಲ. ಎರಡೂ ಪಕ್ಷದ ಹೇಳಿಕೆ ಕೇಳದೆ ತೀರ್ಪು ಕೊಡಬಾರದೆನ್ನುವುದು ಅವರು ನಮಗೆ ಊಟದ ಹೊತ್ತಿನಲ್ಲಿ ಪದೇ ಪದೇ ಹೇಳುತ್ತಿದ್ದ ಮಾತು. ಹೆಂಡತಿಯ ಕಾಯಿಲೆಯ ವಿಷಯದಲ್ಲಿ ಹೆಂಡತಿಯ ಹೇಳಿಕೆಯೇ ಇಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ. "ಆ ಆಸ್ಪತ್ರೆಯ ಸಾಲಿನಲ್ಲಿ ಅವಳನ್ನು ಯಾರಾದರೂ ನೋಡಿದರೆ? ಕಾಪುವಿನವರು ಎಷ್ಟು ಮಂದಿ ಅಲ್ಲಿಗೆ ಬರ್ತಾರೆ, ಗೊತ್ತುಂಟೋ ನಿಂಗೆ? ನೀನು ಪಟ ತೆಗೆಸಿ ಕೈಗೆ ತಗೊಳ್ಳುವ ಮೊದಲು ಸುದ್ದಿ ಬೀಗರ ಮನೆಯಲ್ಲಿರ್ತದೆ. ನಿನ್ನ ಅಕ್ಕನ ಗತಿ ಎಂತ? ನಾಳೆ ನಿನ್ನನ್ನು ಯಾರು ಮದುವೆಯಾಗ್ತಾರೆ?"

ರೋಗಕ್ಕಿಂತ ರೋಗದ ಸುದ್ದಿಗೆ ಹೆದರುವುದು ಆ ಕಾಲದ ದೊಡ್ಡ ರೋಗವಾಗಿತ್ತು. ನಿಜವಾಗಿ ಕ್ಷಯ ತಗುಲಿದ ಎಷ್ಟೋ ಹೆಂಗಸರು ಇದೇ ಹೆದರಿಕೆಗೆ ಬಲಿಯಾಗಿ, ಗುಣವಾಗುವ ಮದ್ದು ಬಸ್ಸಿನ ಹಾದಿಯಲ್ಲೇ ಇರುವಾಗ, ಹಿಂದಿನ ಕೋಣೆಗಳಲ್ಲಿ ಕೆಮ್ಮಿ ಕೆಮ್ಮಿ ಮುಗಿದರು. ನಾನಾದರೂ ಏನು ಓದಿದ್ದೆ? ನಮ್ಮ ಶಾಲೆಯ ಪುಸ್ತಕದಲ್ಲಿ ಕಪ್ಪೆಯ ಮೈಯೊಳಗಿನ ಚಿತ್ರವಿತ್ತು, ಹೂವಿನ ಅಂಡಾಶಯದ ಚಿತ್ರವಿತ್ತು; ಹೆಂಗಸಿಗೆ ಮುಟ್ಟು ನಿಲ್ಲುತ್ತದೆ ಎಂಬ ಒಂದು ವಾಕ್ಯ ಇರಲಿಲ್ಲ.

ಅಪ್ಪ ಒಂದು ಬೆಳಿಗ್ಗೆ ಕಾಪುವಿಗೆ ಹೋದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಸಂಜೆ ಬಂದವರು ಜಗಲಿಯಲ್ಲಿ ಕೂತು ಕಾಲು ತೊಳೆದುಕೊಳ್ಳುತ್ತ ಅಜ್ಜಿಯೊಡನೆ ಮಾತಾಡಿದರು. ಹಟ್ಟಿಯ ಕೋಣೆಗೆ ಆ ಮಾತು ಕೇಳಿಸುತ್ತಿತ್ತು. ನಾನು ಅಮ್ಮನ ಹೊಸ್ತಿಲಲ್ಲೇ ಇದ್ದೆ.

"ಬಾವಿಯಲ್ಲಿ ನೀರಿಲ್ಲ, ಇವಳಿಗೆ ವಾತ, ಬಾಣಂತನ ಮಾಡ್ಲಿಕ್ಕೆ ಜನ ಇಲ್ಲ ಅಂತ ಹೇಳಿದೆ" ಎಂದರು ಅಪ್ಪ.

"ಅವರೆಂತ ಹೇಳಿದರು?" ಎಂದು ಅಜ್ಜಿ ಕೇಳಿದರು.

"ಬೀಗಿತ್ತಿ ನಕ್ಕರು. 'ನಿಮ್ಮ ಕಾರ್ಕಳದಲ್ಲಿ ಅಷ್ಟು ದೊಡ್ಡ ಕೆರೆ ಇಟ್ಟುಕೊಂಡು ನಿಮಗೆ ನೀರಿಲ್ಲವೋ' ಅಂತ. ಆಗಲಿ, ಹೆರಿಗೆ ಇಲ್ಲೇ ಮಾಡಿಸ್ತೇವೆ, ಕೈಯಲ್ಲಾಗದವರ ಮನೆಗೆ ಸೊಸೆಯನ್ನು ಕಳಿಸುವುದಿಲ್ಲ ಅಂದರು. ನಾಲ್ಕು ಜನರ ಎದುರಿಗೆ."

"ಹುಡುಗಿ?"

"ಒಳಗೆ ಅಳ್ತಾ ಇದ್ದಳು. ನಾನು ನೋಡ್ಲಿಲ್ಲ."

ಅಮ್ಮ ಮಡಚಿಟ್ಟ ಹಳೆ ಸೀರೆಯ ತುಂಡೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಮೂಲೆಗಳನ್ನು ಹೊಲಿಯಲೆಂದು ಕೋಣೆಗೆ ತಂದಿದ್ದದ್ದು. ಅದನ್ನು ಕೆಳಗಿಟ್ಟಳು. ಅಂದು ಅವಳು ಉಣ್ಣಲಿಲ್ಲ.

ಪಂಡಿತರು ಮತ್ತೆ ಬರಬೇಕಾಗಿದ್ದ ದಿನ ಅದರ ಬೆನ್ನಿಗೇ ಬಂತು. ಅವರು ಜಗಲಿಯಲ್ಲಿ ಕೂತರು, ಕೊಡೆಯನ್ನು ಮೂಲೆಗೆ ಒರಗಿಸಿದರು. ಅಜ್ಜಿ ಎಂದಿನ ಜಾಗದಲ್ಲಿ ಕೂತರು. ಅಮ್ಮ ಹಿಂದಿನಿಂದ ಬರಲಿಲ್ಲ. ಅಂಗಳವನ್ನು ಸುತ್ತಿ ಎದುರಿನಿಂದ ಬಂದು, ಜಗಲಿಯ ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ ನಿಂತಳು. ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡಿದ್ದಳು.

"ಪಂಡಿತರೇ, ನನಗೆ ಮುಟ್ಟು ನಿಂತಿದೆ. ಮೊನ್ನೆ ಅಲ್ಲ, ಎಷ್ಟೋ ಕಾಲ ಆಯ್ತು. ಆಮೇಲೆ ಹೊರಗೆ ಕೂತದ್ದೆಲ್ಲ ಸುಮ್ಮನೆ ಕೂತದ್ದು."

ನಮ್ಮ ಜಗಲಿಯಲ್ಲಿ ಒಬ್ಬ ಹೆಂಗಸು ಆ ಶಬ್ದವನ್ನು ಗಂಡಸರ ಎದುರು ಉಚ್ಚರಿಸಿದ್ದು ಅದೇ ಮೊದಲಿರಬೇಕು. ಪಂಡಿತರು ಕೊಡೆಯ ಕಡೆ ನೋಡಿದರು. ಅಪ್ಪ ಎದ್ದು ನಿಂತರು, ಮತ್ತೆ ಕೂತರು.

"ಇದೆಂತ ಹೇಳ್ತಾ ಇದ್ದಿ ನೀನು?" ಎಂದರು ಅಪ್ಪ. "ಸುಳ್ಳು ಹೇಳಿದ್ದು ಎಂತಕ್ಕೆ?"

"ನಾನು ಸುಳ್ಳು ಹೇಳಲಿಲ್ಲ. ಕೂತೆ ಅಷ್ಟೆ."

"ಅದನ್ನು ಮೊದಲೇ ಹೇಳಬಾರದಿತ್ತೋ ಅಮ್ಮ?" ಎಂದರು ಪಂಡಿತರು, ಬಹಳ ಮೆಲ್ಲಗೆ.

"ನೀವು ಅತ್ತೆಯವರನ್ನು ಕೇಳಿದಿರಿ. ಅವರಿಗೆ ಗೊತ್ತಿದ್ದದ್ದನ್ನು ಅವರು ಹೇಳಿದರು."

ಅಜ್ಜಿಯ ದನಿ ಒಡೆಯಿತು. "ಅಂದರೆ ನಾನು ಊದಿದ ಒಲೆ? ಬೆನ್ನು ನೆಟ್ಟಗಾಗದ ಈ ಪ್ರಾಯದಲ್ಲಿ, ನೀನು ಹೊರಗಿದ್ದಿ ಅಂತ, ನಸುಕಿಗೆ ತಣ್ಣೀರು ಮಿಂದು, ಒದ್ದೆ ಸೀರೆಯಲ್ಲಿ ನಿನ್ನ ಗಂಡನಿಗೆ ಗಂಜಿ ಬೇಯಿಸಿದೆನಲ್ಲ! ನಿಂಗೆ ದೂರದಿಂದ ಬಡಿಸಿದೆನಲ್ಲ! ನಿನ್ನ ಕಣ್ಣು ಕುರುಡಾಗಿತ್ತೋ?"

ಅಮ್ಮ ತಲೆ ತಗ್ಗಿಸಿದಳು. "ನೋಡಿದ್ದೇನೆ ಅತ್ತೆ" ಎಂದಳು.

ಅಜ್ಜಿಯ ಕೋಪ ನ್ಯಾಯವಾದದ್ದು. ಇದನ್ನು ನಾನು ಮುಚ್ಚಿಡಲಾರೆ. ಎಳೆಯ ಪ್ರಾಯದಲ್ಲಿ ವಿಧವೆಯಾಗಿ, ಕೂದಲು ತೆಗೆಸಿಕೊಂಡು, ಕೆಂಪು ಸೀರೆಯೊಂದರಲ್ಲಿ ಜೀವ ತೇದ ಆ ಮುದುಕಿಗೆ, ತನ್ನ ಮುಟ್ಟು ನಿಂತ ಮೇಲೆ, ಮೂರು ದಿನದ ಬಿಡುವೂ ಯಾವ ಹೆಸರಿನಲ್ಲೂ ಸಿಕ್ಕಿರಲಿಲ್ಲ. ಅಮ್ಮ ಪಡೆದ ವಿಶ್ರಾಂತಿಯ ಭಾರ ಹೊತ್ತವರು ಅವರು. ಆದರೆ ಆ ಮನೆಯಲ್ಲಿ ಮೂರನೆಯ ಒಬ್ಬರಿದ್ದರು, ಗಟ್ಟಿಮುಟ್ಟಾದ ಎರಡು ಕೈಗಳಿದ್ದವರು. ಒಲೆಗೂ ಅವರಿಗೂ ಸಂಬಂಧವಿದೆಯೆಂದು ಆ ಹೊತ್ತಿನಲ್ಲಿ ಜಗಲಿಯಲ್ಲಿದ್ದ ಯಾರ ಮನಸ್ಸಿಗೂ ಬರಲಿಲ್ಲ. ಇಬ್ಬರು ಹೆಂಗಸರು ಒಬ್ಬರಿಂದೊಬ್ಬರು ನಿದ್ದೆಯನ್ನು ಕಸಿದುಕೊಳ್ಳುವಂತೆ ಮಾಡಿದ್ದೇ ಆ ವ್ಯವಸ್ಥೆಯ ದೊಡ್ಡ ಅಪರಾಧ.

ಪಂಡಿತರು ಹೋಗುವ ಮೊದಲು ಆಡುಸೋಗೆಯನ್ನು ನಿಲ್ಲಿಸಲು ಹೇಳಿದರು. ಲಾಮಂಚ, ಹಲವು ಮಕ್ಕಳ ತಾಯಿ ಬೇರೆಂಬ ಶತಾವರಿ, ಹಾಲು, ಇಷ್ಟು ಸಾಕೆಂದರು. ಸಭ್ಯ ಮನುಷ್ಯರು, ತಮ್ಮ ತಪ್ಪೆಂದು ಹೇಳಲು ಬಾಯಿ ಬರಲಿಲ್ಲವಾದರೂ ಆ ಸಲ ಕಾಣಿಕೆ ಮುಟ್ಟಲಿಲ್ಲ. ಆದರೆ ಅಪ್ಪ ಇನ್ನೂ ಅಳುಕುತ್ತಿದ್ದರು. "ನಿಂತದ್ದು ಹೌದು, ಆ ರೋಗವೂ ಹೌದು ಅಂತಾದರೆ? ಎಳೆ ಮಗು ಬರುವ ಮನೆ" ಎಂದರು. ಅದು ಹುರುಳಿಲ್ಲದ ಮಾತಲ್ಲ. ರಾತ್ರಿ ಬೆವರಿಗೆ ಕಾರಣ ಒಂದಕ್ಕಿಂತ ಹೆಚ್ಚಿರಬಹುದು; ಪರೀಕ್ಷೆ ಮಾಡಿಸದೆ ಬೇರು ನೆನೆಸುತ್ತ ಕೂರುವುದು ಸರಿಯಲ್ಲವೆಂದು ನಾನು ಇಂದಿಗೂ ಹೇಳುತ್ತೇನೆ.

"ಹಾಗಾದರೆ ಮಣಿಪಾಲಕ್ಕೆ ಹೋಗುವ" ಎಂದೆ.

ಅಪ್ಪ ಉತ್ತರಿಸುವ ಮೊದಲೇ ಅಮ್ಮ ಹೇಳಿದಳು: "ಹೌದು, ಹೋಗುವ. ಯಾರು ಬೇಕಾದರೂ ನೋಡಲಿ."

ಅಪ್ಪನೂ ಜೊತೆಗೆ ಬಂದರು. ಕಾರ್ಕಳದಿಂದ ಹೊರಟ ಬಸ್ಸಿನಲ್ಲಿ ಅಮ್ಮ ಕಿಟಕಿಯ ಬದಿ ಕೂತಳು. ಮಣಿಪಾಲ ಆಗ ಕೆಂಪು ಮುರಕಲ್ಲಿನ ಬೋಳುಗುಡ್ಡೆ. ಹೊಸ ಕಟ್ಟಡಗಳ ಸುತ್ತ ನೆರಳಿಗೆ ನೆಟ್ಟಗಿನ ಒಂದು ಮರವೂ ಇರಲಿಲ್ಲ. ಸಾಲಿನಲ್ಲಿ ನಿಂತಾಗ ಅಮ್ಮನ ಮೈಯೆಲ್ಲ ಬೆವರಿ, ಕುಪ್ಪಸ ಬೆನ್ನಿಗೆ ಅಂಟಿತು. ಒಳಗಿದ್ದ ಡಾಕ್ಟರು ಮೈಸೂರು ಕಡೆಯ ಮಾತಿನ ಹೆಂಗಸು. ಆಕೆ ಅಪ್ಪನನ್ನು ಹೊರಗೆ ಕೂರಲು ಹೇಳಿ, ಅಮ್ಮನನ್ನು ಎದುರಿಗೆ ಕೂಡಿಸಿಕೊಂಡು ಎಲ್ಲವನ್ನೂ ಅಮ್ಮನಿಗೇ ಕೇಳಿದರು. ಮೊದಲ ಪ್ರಶ್ನೆಗೆ ಅಮ್ಮ ಅಭ್ಯಾಸಬಲದಿಂದ ನನ್ನ ಮುಖ ನೋಡಿದಳು. "ಅವರನ್ನು ಯಾಕೆ ನೋಡ್ತೀರಮ್ಮ, ಬೆವರೋದು ನೀವಲ್ವಾ?" ಎಂದರು ಡಾಕ್ಟರು. ಆಮೇಲೆ ಅಮ್ಮ ನಿಲ್ಲಿಸದೆ ಮಾತಾಡಿದಳು. ಕುತ್ತಿಗೆಯಿಂದ ಏಳುವ ಕಾವು, ಎದೆ ಹೊಡೆದುಕೊಳ್ಳುವುದು, ಆಮೇಲಿನ ಚಳಿ, ಕಾರಣವಿಲ್ಲದೆ ಬರುವ ಅಳು: ನಾನು ಮಗಳಾಗಿ ಕೇಳಿರದಿದ್ದ ಎಷ್ಟೋ ಸಂಗತಿಗಳನ್ನು ಅಂದು ಆ ಪರದೆಯ ಮಗ್ಗುಲಲ್ಲಿ ನಿಂತು ಕೇಳಿದೆ.

ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆಯೂ ಆಯಿತು. ಇನ್ನೊಂದು ಸಲ ಹೋಗಬೇಕಾಯಿತು. ಎದೆಯಲ್ಲಿ ರೋಗವಿರಲಿಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಹೀಗೆ ಕಾಯುವುದು ಸಹಜ, ಕೆಲವರಿಗೆ ಬಹಳ ಕಾಲ ಇರುತ್ತದೆ, ಹೊಟ್ಟೆತುಂಬ ಊಟ ನಿದ್ದೆ ಬೇಕು ಎಂದು ಡಾಕ್ಟರು ಹೇಳಿದರು. ಬೇರಿನ ನೀರಿನ ವಿಷಯ ಕೇಳಿದಾಗ, "ತಂಪು ಅನ್ನಿಸಿದರೆ ಕುಡೀರಿ. ಅದರಿಂದ ಎಲ್ಲ ಹೋಗುತ್ತೆ ಅಂತ ಮಾತ್ರ ನಾನು ಹೇಳಲ್ಲ. ಕಿಟಕಿ ತೆಗೆದು ಮಲಗಿ" ಎಂದರು.

ಅಮ್ಮ ಎದ್ದಳು. ಬಾಗಿಲವರೆಗೆ ಹೋಗಿ ಹಿಂದೆ ತಿರುಗಿದಳು.

"ಡಾಕ್ಟ್ರೇ, ಮಗುವನ್ನು ಎತ್ತಬಹುದೋ ನಾನು? ಹುಟ್ಟಿದ ಮಗುವನ್ನು?"

"ಎತ್ಕೊಳ್ಳದೆ ಏನಮ್ಮ ಮಾಡ್ತೀರಿ? ಅಜ್ಜಿ ಅಲ್ವಾ ನೀವು?"

ಹೊರಗೆ ಬಂದು ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಪ್ಪ ಗಾಬರಿಯಿಂದ ನೀರು ಹುಡುಕಿ ತಂದರು. ಅವರು ಅವಳ ಕೈಗೆ ನೀರು ಕೊಟ್ಟದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ಅಪ್ಪ ಮತ್ತೆ ಕಾಪುವಿಗೆ ಹೋಗಿ, ಬಾವಿಯಲ್ಲಿ ನೀರು ಬಂದಿದೆಯೆಂದು ಹೇಳಿ, ಬೀಗಿತ್ತಿಯ ನಗೆಯನ್ನು ಇನ್ನೊಮ್ಮೆ ಸಹಿಸಿ, ಅಕ್ಕನನ್ನು ಕರೆತಂದರು. ಅಜ್ಜಿ ಅಮ್ಮನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದರು. "ಉಪ್ಪು ಹೆಚ್ಚಾಗಿದೆ ಅಂತ ಹೇಳು ಅವಳಿಗೆ" ಎಂದು ಬೆಕ್ಕಿನ ಮುಖ ನೋಡಿ ಅನ್ನುವರು. ಅಮ್ಮನಿಗೆ ತಿಂಗಳ ಮೂರು ದಿನ ಬಿಡುವು ಬೇಕು, ಅದಕ್ಕೊಂದು ಮೈಲಿಗೆಯ ನೆಪ ಬೇಡ, ಆ ದಿನಗಳಲ್ಲಿ ಅಪ್ಪ ಅಕ್ಕಿ ತೊಳೆದು ಒಲೆ ಹಚ್ಚಬೇಕು ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದೆ. ಅಪ್ಪ ನನ್ನನ್ನು ಗದರಲಿಲ್ಲ. "ಹಾಗೆ ಎಲ್ಲಿ ಉಂಟು?" ಎಂದರು, ನಿಜವಾಗಿ ತಿಳಿಯದವರಂತೆ. ಎಲ್ಲೂ ಇರಲಿಲ್ಲ. ರಜೆ ಮುಗಿಯುವವರೆಗೆ ಒಲೆ ನಾನು ನೋಡಿಕೊಂಡೆ. ಕಿಟಕಿಯ ಬಾಗಿಲನ್ನು ಮಾತ್ರ ಅಪ್ಪ ತಾವಾಗಿಯೇ ತೆರೆದಿಟ್ಟರು, ಕಿವಿಗೆ ಮಫ್ಲರ್ ಸುತ್ತಿಕೊಂಡು ಮಲಗಿದರು.

ಮಳೆ ಹಿಡಿಯುವ ಹೊತ್ತಿಗೆ, ನನ್ನ ರಜೆ ಮುಗಿಯುವ ಮೊದಲೇ, ಅಕ್ಕ ಹೆತ್ತಳು, ಹೆಣ್ಣು ಮಗು. ಬಾಣಂತನವೆಂದರೆ ನಮ್ಮಲ್ಲಿ ಬೆಂಕಿಯ ವ್ರತ. ಬಚ್ಚಲಲ್ಲಿ ತಾಮ್ರದ ಹಂಡೆ ಇಡೀ ಬೆಳಿಗ್ಗೆ ಕುದಿಯುತ್ತಿರಬೇಕು, ಕೋಣೆಯ ಕಿಟಕಿ ಮು‌ಚ್ಚಿರಬೇಕು, ಕೆಂಡದ ಮೇಲೆ ಲೋಬಾನ ಹಾಕಬೇಕು. ಆ ಕಾವಿನೊಳಗೆ ಅಮ್ಮ ಬಚ್ಚಲ ನೆಲದಲ್ಲಿ ಕಾಲು ನೀಡಿ ಕೂತು, ಮಗುವನ್ನು ಮೊಣಕಾಲಿನಿಂದ ಪಾದದವರೆಗೆ ಮಲಗಿಸಿಕೊಂಡು, ಎಣ್ಣೆ ತಿಕ್ಕುತ್ತಿದ್ದಳು. ಹೊಗೆ, ಹಬೆ. ಅವಳ ಹಣೆಯಿಂದ, ಗದ್ದದಿಂದ, ಮೊಣಕೈಯಿಂದ ಬೆವರು ಹನಿಯುತ್ತಿತ್ತು. ಮುಖ ಕೆಂಪಗಾಗಿ, ಉಸಿರು ಬಿಗಿಯುತ್ತಿತ್ತು. ಒಳಗಿನ ಕಾವು, ಹೊರಗಿನ ಕಾವು ಎರಡೂ ಒಟ್ಟಿಗೆ ಬಂದ ಹೊತ್ತು ಅದೆಂದು ನನಗೆ ತಿಳಿಯಿತು.

"ಕೊಡಮ್ಮ ಇಲ್ಲಿ. ನಾನು ಮೀಯಿಸ್ತೇನೆ. ನೀನು ಹೊರಗೆ ಹೋಗಿ ಸ್ವಲ್ಪ ಗಾಳಿ ತಗೋ" ಎಂದು ಕೈ ಚಾಚಿದೆ.

ಅವಳು ತೋಳಿನಿಂದ ಕಣ್ಣಿನ ಬೆವರು ಒರೆಸಿಕೊಂಡಳು. ಮಗುವಿನ ಬೆನ್ನಿನ ಕೆಳಗೆ ಅಂಗೈ ಸರಿಸಿ, ಅದನ್ನು ತನ್ನ ಕಡೆಗೆ ಒಂದಿಷ್ಟು ಎಳೆದುಕೊಂಡಳು.

"ಬೇಡ" ಎಂದಳು. "ನೀನು ನೀರು ಹೊಯ್ಯಿ."